ದೊರಿಯ ಗಂಟೆ ಕಟ್ಟಿಕೊಂಡ ಜೀಪು

ಮಾಳಿಗೆ ಮೇಲಿನಿಂದ ತಂತಿ ಬೆಸೆಯುವ ರಾಳ ಸುಟ್ಟ ವಾಸನೆ ಇಳಿದು ಬಂತೆಂದರೆ ನನ್ನ ಅಳಿಯ ಮತ್ತೆ ಕೆಲಸಕ್ಕೆ ಕೂತಿದ್ದಾನೆ ಎಂದು ಅರ್ಥ. ಕೆಲಸ ಎಂದು ಮರ್ಯಾದೆಗೆ ಅಂದೆ. ಹತ್ತಿ ಗಿರಣಿಯ ಆಫೀಸಿನಿಂದ ರಿಟೈರ್ ಆದ ಗಂಡಸು, ತಲೆಯಲ್ಲಿ ಕರಿ ಕೂದಲು ಹುಡುಕಿದರೂ ಸಿಗುವುದಿಲ್ಲ, ಪಾರ್ಸೆಲ್ಲಿನಲ್ಲಿ ಒಂದು ಆಟದ ಜೀಪು ತರಿಸಿಕೊಂಡಿದ್ದಾನೆ. ಅದಕ್ಕೆ ಕ್ರಾಲರ್ ಎನ್ನಬೇಕಂತೆ. ಕಲ್ಲು ಹತ್ತುತ್ತದೆ, ತಗ್ಗು ಇಳಿಯುತ್ತದೆ, ಕೈಯಲ್ಲಿ ರಿಮೋಟು ಹಿಡಿದು ದೂರ ನಿಂತು ಓಡಿಸುವುದು. ಇಷ್ಟಕ್ಕೇ ಮುಗಿದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಈಗ ಅದಕ್ಕೆ ಲೈಟು ಕೂಡಿಸುತ್ತಿದ್ದಾನೆ, ಮುಂದೆ ಹಗ್ಗ ಸುತ್ತುವ ವಿಂಚ್ ಕೂಡಿಸುತ್ತಿದ್ದಾನೆ. ಎಲ್ಲಾದರೂ ಸಿಕ್ಕಿಬಿದ್ದರೆ ಹಗ್ಗದ ಕೊಕ್ಕೆಯನ್ನು ಯಾವುದಕ್ಕಾದರೂ ಸಿಗಿಸಬೇಕು, ಜೀಪು ತನ್ನನ್ನು ತಾನೇ ಎಳೆದುಕೊಂಡು ಮೇಲೆ ಬರುತ್ತದಂತೆ. ರಾಯಚೂರಿನ ಈ ಮನೆಯಲ್ಲಿ ಅದು ಸಿಕ್ಕಿಬೀಳುವಂಥ ಜಾಗ ಒಂದೇ, ಅಡುಗೆ ಮನೆಯ ಹೊಸ್ತಿಲು.

ಮಗಳು ಏನೂ ಅನ್ನುವುದಿಲ್ಲ. ನಡುಮನೆಯಲ್ಲಿ ಹಗ್ಗದ ಹೊರಸಿನ ಮೇಲೆ ಕೂತು ಗೊಣಗುವವಳು ನಾನೊಬ್ಬಳೇ. ಮೊಣಕಾಲು ಹೋದ ಮೇಲೆ ಉಳಿದಿರುವ ಉದ್ಯೋಗ ಅದು. ಹೊರಸಿನ ಕಾಲಿಗೆ ಒಂದು ಹಳೆಯ ಹಿತ್ತಾಳೆ ಗಂಟೆ ಕಟ್ಟಿಕೊಂಡಿದ್ದೇನೆ. ಅಲ್ಲಾಡಿಸಿದರೆ ಊಟದ ತಟ್ಟೆ ನಾನಿದ್ದಲ್ಲಿಗೇ ಬರುತ್ತದೆ. ಎದ್ದು ನಡಿ ಎಂದು ಡಾಕ್ಟರು ಹೇಳುತ್ತಲೇ ಇದ್ದಾರೆ, ನಾನು ಹೂಂ ಅನ್ನುತ್ತಲೇ ಇದ್ದೇನೆ.

ಆದರೆ ಆ ರಾಳದ ವಾಸನೆ ಮೂಗಿಗೆ ಬಡಿದರೆ ನಾನು ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದಿದ್ದ ರೇಡಿಯೋ ಅಂಗಡಿಗೆ ಹೋಗಿಬಿಡುತ್ತೇನೆ. ಅಲ್ಲಿಗೆ ಹೋಗುವುದಕ್ಕೆ ಮೊಣಕಾಲು ಬೇಕಾಗುವುದಿಲ್ಲ.

ಅಂಗಡಿ ನಮ್ಮ ಮನೆಯವರದು. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದ ಮನುಷ್ಯ, ಕುರಿಯ ಹತ್ತಿರ ಹೋದರೆ ಸೀನುತ್ತಿದ್ದರು. ಉಣ್ಣೆ ಮುಟ್ಟಿದರೆ ಮೂಗು ಕೆಂಪಾಗುತ್ತಿತ್ತು. ಅಂಥವರಿಗೆ ಹಿಂಡು ಕೊಟ್ಟು ಏನು ಪ್ರಯೋಜನ ಎಂದು ಅವರ ಅಪ್ಪ ಅವರನ್ನು ಮಾನ್ವಿಗೆ ಅಟ್ಟಿದ. ಅಲ್ಲಿ ಆಚಾರ್ಯರ ಮನೆತನದ ಒಬ್ಬ ಮೇಷ್ಟ್ರು ಸಂಜೆ ಹೊತ್ತು ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರ ಕೈಕೆಳಗೆ ಇವರು ಬಿಚ್ಚುವುದನ್ನು ಪೂರ್ತಿ ಕಲಿತರು, ಕೂಡಿಸುವುದನ್ನು ಮುಕ್ಕಾಲು ಕಲಿತರು. ಉಳಿದ ಕಾಲು ಭಾಗವನ್ನು ದೇವದುರ್ಗದ ಗಿರಾಕಿಗಳ ರೇಡಿಯೋದ ಮೇಲೆ ಕಲಿತರು. ಪಾಪ, ಒಳ್ಳೆಯ ಗಿರಾಕಿಗಳು.

ಈಗ ನಮ್ಮಪ್ಪನ ವಿಷಯ ಹೇಳಬೇಕು. ಅವನ ಹಿಂಡು ಜಾಲಹಳ್ಳಿ ಕಡೆಯದು. ನಮ್ಮಲ್ಲಿ ಅಳಿಯ ಬಂದರೆ ಮಾವ ಕಂಬಳಿ ಹಾಸಿ ತನ್ನ ಮಗ್ಗುಲಲ್ಲಿ ಕೂಡಿಸಿಕೊಳ್ಳುವುದು ಪದ್ಧತಿ. ಕಂಬಳಿಯ ಮೇಲೆ ಕೂತವನು ಮನೆಯವನು. ಕುರ್ಚಿ ಹಾಕುವುದು ಪಟವಾರಿಗೆ, ಪೊಲೀಸನಿಗೆ, ಕುರಿ ಡಾಕ್ಟರಿಗೆ. ನಮ್ಮಪ್ಪ ನಮ್ಮ ಮನೆಯವರಿಗೆ ಪಕ್ಕದ ಮನೆಯಿಂದ ಕುರ್ಚಿ ತರಿಸುತ್ತಿದ್ದ. ನಮ್ಮ ಮದುವೆಯಾಗಿ, ನನ್ನ ಮಗಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ಕುರ್ಚಿ ತಪ್ಪಲಿಲ್ಲ. ಒಂದು ದಿನವೂ ಅಳಿಯ ಅಂದವನಲ್ಲ. ಎದುರಿಗೇ ಕೂತಿದ್ದರೂ ಅವರನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದ: “ಯವ್ವಾ, ಆ ರೇಡಿಯೋದಾಂವ ಉಂಡನೇನು?”

ಇದು ಅವರಿಗೆ ಬಹಳ ನಾಟಿತ್ತು. ಕಂಬಳಿಯ ಮೇಲೆ ಕೂತರೆ ಸೀನು ಬರುತ್ತದೆ ಎಂದು ಗೊತ್ತು, ಆದರೂ ಕೂಡಬೇಕು. ಗಂಡಸರ ಆಸೆಗಳೇ ಹೀಗೆ, ನೀವು ನಿಮ್ಮ ಮನೆಯಲ್ಲಿ ನೋಡಿರುತ್ತೀರಿ.

ಎಂಬತ್ತರ ಈಚಿನ ಮಾತು. ರಾಯಚೂರಿನ ಒಬ್ಬ ಅಕ್ಕಿ ಗಿರಣಿ ಸಾಹುಕಾರನ ತಮ್ಮ ದುಬೈಯಿಂದ ಒಂದು ಆಟದ ಜೀಪು ತಂದಿದ್ದ. ಉದ್ದ ಕಡ್ಡಿ ಇರುವ ಒಂದು ಡಬ್ಬಿ, ಅದರ ಗುಂಡಿ ಒತ್ತಿದರೆ ತಂತಿಯೂ ಇಲ್ಲದೆ ಜೀಪು ಓಡುತ್ತಿತ್ತು. ಮನೆ ಮಕ್ಕಳು ಅದನ್ನು ಮಾಳಿಗೆಯಿಂದ ಹಾರಿಸಿ ನೋಡಿದರು, ಅದು ನಿಂತುಹೋಯಿತು. ಬಿಡಿ ಸಾಮಾನಿಗೆ ಆದೀತು ಎಂದು ಸಾಹುಕಾರ ಅದನ್ನು ನಮ್ಮ ಮನೆಯವರ ಕೈಗೆ ಹಾಕಿದ. ಇವರು ಅದನ್ನು ಬದುಕಿಸಿದರು. ಬದುಕಿಸಿ ಬಿಟ್ಟರೇ? ಟಾರ್ಚಿನ ಎರಡು ಬಲ್ಬು ತೆಗೆದು ಮುಂದೆ ದೀಪ ಕೂಡಿಸಿದರು. ಕೆಟ್ಟ ಟೇಪ್ ರೆಕಾರ್ಡರಿನ ಮೋಟರಿಗೆ ದಾರದ ಉರುಳಿ ಸಿಗಿಸಿ, ಅದಕ್ಕೆ ಮೀನಿನ ಗಾಳದ ದಾರ ಸುತ್ತಿ, ಕೊಡೆಯ ಕಡ್ಡಿ ಬಗ್ಗಿಸಿ ಕೊಕ್ಕೆ ಮಾಡಿ ವಿಂಚ್ ಅಂದರು. ಆ ಹೆಸರು ನಾನು ಮೊದಲು ಕೇಳಿದ್ದು ಆವಾಗಲೇ. ಬಾವಿಯ ರಾಟೆ ಎಂದರೆ ಆಗುತ್ತಿರಲಿಲ್ಲವೇ ಎಂದೆ. ಅವರಿಗೆ ಸಿಟ್ಟು ಬಂತು.

ಒಂದೇ ತೊಡಕು. ಡಬ್ಬಿಯಲ್ಲಿದ್ದ ಗುಂಡಿಗಳು ಮುಂದೆ ಹಿಂದೆ ಹೋಗುವುದಕ್ಕೆ, ಎಡ ಬಲ ಹೊರಳುವುದಕ್ಕೆ ಮಾತ್ರ. ವಿಂಚಿಗೆ ಗುಂಡಿ ಉಳಿದಿರಲಿಲ್ಲ. ಅದಕ್ಕೆ ಇವರು ಮುಂದಿನ ಗಾಲಿ ಪೂರ್ತಿ ಎಡಕ್ಕೆ ಹೊರಳಿದಾಗ ಒಂದು ತಗಡಿನ ಚೂರಿಗೆ ತಾಗಿ ವಿಂಚ್ ತಿರುಗುವ ಹಾಗೆ ತಂತಿ ಎಳೆದಿದ್ದರು. ಸೆಲ್ ಮಾತ್ರ ಎಲ್ಲದಕ್ಕೂ ಅವೇ. ಹೀಗಾಗಿ ಜೀಪು ಎಡಕ್ಕೆ ಹೊರಳಿದರೆ ಹಗ್ಗ ಸುತ್ತುತ್ತಿತ್ತು, ಹಗ್ಗ ಸುತ್ತಿದರೆ ದೀಪ ಮಂಕಾಗುತ್ತಿತ್ತು. ಎಡಕ್ಕೆ ಹೋಗಬೇಕಾದವರು ಏನು ಮಾಡಬೇಕು ಎಂದು ಕೇಳಿದೆ.

“ಬಲಕ್ಕ ಹೋಗಬೇಕು,” ಎಂದರು. ಅಷ್ಟೇ ಅವರ ಉತ್ತರ.

ಆ ವರ್ಷ ಭತ್ತದ ಮೊದಲ ಬೆಳೆ ಕೊಯ್ದ ಮೇಲೆ ನಮ್ಮಪ್ಪನ ಹಿಂಡು ಸಿರವಾರದ ಕಡೆ ಇಳಿದಿತ್ತು. ಕೊಯ್ದ ಗದ್ದೆಯಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಹೊಲದವರು ಕುರಿಯವರಿಗೆ ಭತ್ತ ಅಳೆಯುತ್ತಾರೆ. ಯಾರ ಹೊಲಕ್ಕೆ ಯಾರ ಹಿಂಡು ಎಂದು ಮೊದಲೇ ಪಾಳಿ ಮಾತಾಡಿಕೊಂಡಿರುತ್ತಾರೆ. ನಮ್ಮಪ್ಪ ಒಬ್ಬ ದೊಡ್ಡ ಹೊಲದ ಸಾಹುಕಾರನಿಗೆ ಮಾತು ಕೊಟ್ಟಿದ್ದ. ರೊಟ್ಟಿ ಗಂಟು ಕಟ್ಟಿಕೊಂಡು ನಾನು ನೋಡಲು ಹೊರಟೆ. ನಮ್ಮ ಮನೆಯವರೂ ಹೊರಟರು, ಜೀಪನ್ನು ಕಂಕುಳಲ್ಲಿ ಇಟ್ಟುಕೊಂಡು. ಮಾವನಿಗೆ ತೋರಿಸುವ ಆಸೆ. ಬಸ್ಸಿನಲ್ಲಿ ಸೀಟು ಹಿಡಿದಿದ್ದೇ ಆ ಜೀಪಿಗೆ, ನಾನು ನಿಂತು ಹೋದೆ.

ನಾವು ಮುಟ್ಟುವಾಗ ಸೂರ್ಯ ಇಳಿದಿದ್ದ. ಹಿಂಡು ಕಾಲುವೆಯ ಈಚೆ ದಂಡೆಯಲ್ಲಿ ಗುಂಪುಗೂಡಿ ನಿಂತಿತ್ತು, ಹೊಲ ಆಚೆ ದಂಡೆಯಲ್ಲಿ. ನಡುವಿನ ಹಳೆಯ ಸೇತುವೆ ಕುಸಿದು, ಅದರ ಜಾಗದಲ್ಲಿ ಕಬ್ಬಿಣದ ತಗಡು ಜೋಡಿಸಿದ್ದರು. ಸಂದಿಯಲ್ಲಿ ಕೆಳಗಿನ ನೀರು ಹೊಳೆಯುತ್ತಿತ್ತು, ಕಾಲಿಟ್ಟರೆ ತಗಡು ಗುಡುಗುತ್ತಿತ್ತು. ಹಿಂಡಿನ ಮುಂದಾಳು ಟಗರಿನ ಹೆಸರು ದೊರಿ. ಕೊರಳಲ್ಲಿ ಹಿತ್ತಾಳೆ ಗಂಟೆ. ದೊರಿ ಎಲ್ಲಿ ಹೆಜ್ಜೆ ಇಟ್ಟರೆ ಉಳಿದವು ಅಲ್ಲಿ. ಆವತ್ತು ದೊರಿ ಹೆಜ್ಜೆ ಇಡಲೊಲ್ಲದು. ಹಿಂದಿನಿಂದ ನೂಕಿದರು, ಕೊಂಬು ಹಿಡಿದು ಎಳೆದರು, ಅದು ನಾಲ್ಕೂ ಕಾಲು ನೆಲಕ್ಕೆ ನೆಟ್ಟುಬಿಟ್ಟಿತ್ತು. ಇಂಥ ಹೊತ್ತಿನಲ್ಲಿ ಒಂದು ಮರಿಯನ್ನು ಎದೆಗೆ ಒತ್ತಿಕೊಂಡು ದಾಟಿದರೆ ತಾಯಿ ಕುರಿ ಹಿಂದೆ ಬರುತ್ತದೆ, ಅದರ ಹಿಂದೆ ಎಲ್ಲವೂ. ಆದರೆ ಎಳೆಯ ಮರಿಗಳನ್ನು ನಮ್ಮಪ್ಪ ಜಾಲಹಳ್ಳಿಯಲ್ಲೇ ಬಿಟ್ಟು ಬಂದಿದ್ದ.

ಆಚೆ ದಂಡೆಯಲ್ಲಿ ಸಾಹುಕಾರ ನಿಂತಿದ್ದ. ಅವನ ಪಕ್ಕದಲ್ಲಿ ಇನ್ನೊಂದು ಹಿಂಡಿನವನು ಕೋಲು ಊರಿ ನಿಂತಿದ್ದ. ಅವನ ಕುರಿ ಆಗಲೇ ಆ ಕಡೆ ಇದ್ದವು.

“ಹೊತ್ತು ಮುಳುಗೂದ್ರಾಗ ದಾಟಿದ್ರ ನಿಂದು ಪಾಳಿ,” ಸಾಹುಕಾರ ಅಲ್ಲಿಂದಲೇ ಕೂಗಿದ. “ಇಲ್ಲಂದ್ರ ಇವನ ಕುರಿ ಬಿಡ್ತೀನಿ ನೋಡಪಾ.”

ಆ ಸೀಮೆಯ ಉಳಿದ ಹೊಲಗಳನ್ನೆಲ್ಲ ಬೇರೆ ಹಿಂಡಿನವರು ಹಿಡಿದಾಗಿತ್ತು. ಬೇರೆ ಸೇತುವೆಗೆ ಸುತ್ತಿ ಬರುವುದೆಂದರೆ ಮರುದಿನ. ಈ ಪಾಳಿ ಹೋದರೆ ಮನೆಯಲ್ಲಿ ವರ್ಷದ ಕಾಳು ಹೋಯಿತು. ನಮ್ಮಪ್ಪ ಸೂರ್ಯನನ್ನು ನೋಡುತ್ತಿದ್ದ. ಇಂಥ ಹೊತ್ತಿನಲ್ಲಿ ನಮ್ಮ ಮನೆಯವರು ಮುಂದೆ ಬಂದು, ಎರಡು ಸಲ ಸೀನಿ, ದೊರಿಯನ್ನು ಜೀಪಿನ ವಿಂಚಿಗೆ ಕಟ್ಟಿ ಎಳೆಯಲೇ ಎಂದು ಕೇಳಿದರು.

ನಮ್ಮಪ್ಪ ನನ್ನ ಕಡೆ ಹೊರಳಿದ. “ಯವ್ವಾ, ಸಂಜಿ ಬಿಸಲೂ ತಲಿಗೆ ಬಡೀತದೇನು?”

ಬೇಡ ಎಂದು ಬಾಯಿಬಿಟ್ಟು ಹೇಳಲಿಲ್ಲವಲ್ಲ, ಇವರಿಗೆ ಅಷ್ಟೇ ಸಾಕಾಯಿತು. ಜೀಪನ್ನು ತಗಡಿನ ಮೇಲಿಟ್ಟು, ದಾರ ಬಿಚ್ಚಿ, ಕೊಕ್ಕೆಯನ್ನು ದೊರಿಯ ಗಂಟೆಯ ಪಟ್ಟಿಗೆ ಸಿಗಿಸಿದರು. ದೀಪ ಹಚ್ಚಿ ಎಡಕ್ಕೆ ಹೊರಳಿಸಿದರು. ವಿಂಚ್ ಕುಂಯ್‌ಗುಟ್ಟಿತು. ದೊರಿ ಇದ್ದಲ್ಲೇ ಇತ್ತು. ಜೀಪು ಮಾತ್ರ ದೊರಿಯ ಕಡೆ ಮುಖ ಮಾಡಿಕೊಂಡೇ ಸರ್ರನೆ ಜಾರಿ ಅದರ ಕಾಲ ಬುಡಕ್ಕೆ ಬಂತು. ಎಳೆಯುವ ಕೆಲಸ ಸರಿಯಾಗಿಯೇ ಆಯಿತು, ಯಾರು ಯಾರನ್ನು ಎಳೆಯಬೇಕು ಎಂಬುದಷ್ಟೇ ತಪ್ಪಿತು. ಆಚೆ ದಂಡೆಯ ಕುರಿಯವನು ನಕ್ಕದ್ದು ನೀರಿನ ಮೇಲೆ ಕೇಳಿಸಿತು.

ದೊರಿ ಜೀಪನ್ನು ಮೂಸಿ ನೋಡಿತು, ತಲೆ ಝಾಡಿಸಿತು. ಹಳೆಯ ಪಟ್ಟಿ ಪಟ್ಟನೆ ಹರಿಯಿತು, ಗಂಟೆ ಕೊಕ್ಕೆಗೆ ನೇತಾಡುತ್ತ ಜೀಪಿನ ಪಾಲಾಯಿತು. ನಮ್ಮ ಮನೆಯವರು ಗಾಬರಿಯಾಗಿ ಜೀಪನ್ನು ಹೊರಳಿಸಿ ಸೇತುವೆಯ ಮೇಲೆ ಓಡಿಸಿದರು. ಬಲಕ್ಕೆ ಹೊರಳಿಸಿದರು ಎಂದು ಬೇರೆ ಹೇಳಬೇಕಾಗಿಲ್ಲ. ಗಂಟೆ ತಗಡಿನ ಮೇಲೆ ಢಣಢಣ ಬಡಿದುಕೊಳ್ಳುತ್ತ ಹೋಯಿತು.

ದೊರಿಯ ಕಿವಿ ನಿಮಿರಿದವು. ಹುಟ್ಟಿದಾಗಿನಿಂದ ತನ್ನ ಕೊರಳಲ್ಲೇ ಕೇಳಿದ ಸದ್ದು, ಈಗ ತನ್ನನ್ನು ಬಿಟ್ಟು ಮುಂದೆ ಹೋಗುತ್ತಿದೆ. ಅದಕ್ಕೆ ತಡೆಯಲಾಗಲಿಲ್ಲ. ತಗಡಿನ ಮೇಲೆ ಒಂದು ಕಾಲಿಟ್ಟಿತು, ಇನ್ನೊಂದು ಇಟ್ಟಿತು. ಹಿಂದೆ ಇಡೀ ಹಿಂಡು ನೀರು ಹರಿದ ಹಾಗೆ ಹರಿಯಿತು. ನಮ್ಮಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ.

ಸೇತುವೆಯ ನಡುವೆ ಜೀಪು ಬಲಕ್ಕೆ ಎಳೆಯತೊಡಗಿತು. ಅಂಚು ಹತ್ತಿರ ಬಂತು, ಕೆಳಗೆ ತುಂಬಿದ ಕಾಲುವೆ. ಉಳಿಸಿಕೊಳ್ಳಲು ಎಡಕ್ಕೆ ಹೊರಳಿಸಲೇಬೇಕು. ಹೊರಳಿಸಿದರು. ವಿಂಚ್ ತಿರುಗಿತು, ದೀಪ ಮಂಕಾಯಿತು, ಗಂಟೆ ಸುತ್ತಿಕೊಂಡು ಬಂದು ಗಾಲಿಯ ಕೆಳಗೆ ಕಚ್ಚಿಕೊಂಡಿತು. ಜೀಪು ನಿಂತಿತು. ಸದ್ದು ನಿಂತದ್ದೇ ತಡ ದೊರಿಯೂ ನಿಂತಿತು. ಹಿಂದಿನ ಕುರಿಗಳು ನೂಕತೊಡಗಿದವು. ಅಂಚಿನಲ್ಲಿದ್ದ ಒಂದು ಕುರಿಯ ಹಿಂಗಾಲು ತಗಡು ಬಿಟ್ಟು ಜಾರಿತು. ನಾನು ಕಣ್ಣು ಮುಚ್ಚಿಕೊಂಡೆ ಎಂದು ಬರೆದರೆ ಚೆಂದ ಇರುತ್ತದೆ, ಆದರೆ ಮುಚ್ಚಲಿಲ್ಲ. ಹಿಂಡಿನ ಜೊತೆ ನಾನೂ ಸೇತುವೆಯ ಮೇಲಿದ್ದೆ, ಆ ಕುರಿಯ ಉಣ್ಣೆ ಹಿಡಿದು ಮೇಲೆ ಎಳೆಯುತ್ತಿದ್ದೆ.

ನಮ್ಮಪ್ಪ ಕುರಿಗಳ ನಡುವೆ ಕಾಲು ತೂರಿಸುತ್ತ ಮುಂದೆ ಹೋದ. ಬಗ್ಗಿ ಜೀಪನ್ನು ಎತ್ತಿದ. ಕಿತ್ತು ಕಾಲುವೆಗೆ ಒಗೆಯುತ್ತಾನೆ ಅಂದುಕೊಂಡೆ. ಅವನು ಗಂಟೆಯನ್ನು ಗಾಲಿಯಿಂದ ಬಿಡಿಸಿ, ಜೀಪನ್ನು ಮರಿಯನ್ನು ಹಿಡಿಯುವ ಹಾಗೆ ಎದೆಗೆ ಒತ್ತಿಕೊಂಡು, ಗಂಟೆ ಅಲ್ಲಾಡಿಸುತ್ತ ಮುಂದೆ ನಡೆದ. ಈಚೆ ದಂಡೆಯಲ್ಲಿ ನಮ್ಮ ಮನೆಯವರ ಬೆರಳು ಗುಂಡಿಯ ಮೇಲೆ ಹಾಗೇ ಸೆಟೆದುಕೊಂಡಿತ್ತು. ಗಾಲಿಗಳು ನಮ್ಮಪ್ಪನ ಅಂಗಿಯನ್ನು ಕಚ್ಚಿ ಎಳೆಯುತ್ತಿದ್ದವು, ಎರಡು ದೀಪ ಅವನ ಬಿಳಿ ಮೀಸೆಗೆ ಬೆಳಕು ಹೊಡೆಯುತ್ತಿದ್ದವು.

“ಏ ರೇಡಿಯೋ, ಚಕ್ರ ನಿಂದ್ರಸು,” ಎಂದ ತಿರುಗದೆ. “ದೀಪ ಇರ್ಲಿ.”

ದೊರಿ ಅವನ ಹಿಂದೆ, ಹಿಂಡು ದೊರಿಯ ಹಿಂದೆ. ಕೊನೆಯ ಕುರಿ ದಾಟಿದಾಗ ಸೂರ್ಯನ ಒಂದು ಚೂರು ಉಳಿದಿತ್ತು. ಇನ್ನೊಂದು ಹಿಂಡಿನವನು ಕೋಲು ಎತ್ತಿಕೊಂಡು ಹೋದ. ಸಾಹುಕಾರ ಹತ್ತಿರ ಬಂದು ನಮ್ಮಪ್ಪನ ಎದೆಯ ಮೇಲೆ ಉರಿಯುತ್ತಿದ್ದದ್ದನ್ನು ನೋಡಿ ಇದೇನು ಎಂದು ಕೇಳಿದ.

“ಮರಿರೀ,” ಎಂದ ನಮ್ಮಪ್ಪ. “ನಮ್ಮ ಅಳಿಯಾರ ಮನ್ಯಾಗ ಈದದ್ದು.”

ಗದ್ದೆಯಲ್ಲಿ ಹಿಂಡು ತರುಬಿದ ಮೇಲೆ ರೊಟ್ಟಿ ಬಿಚ್ಚಿದೆ. ನಮ್ಮಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಹಾಸಿದ, ಒಂದು ಮಗ್ಗುಲು ಸರಿದು ಕೂತ, ಉಳಿದ ಜಾಗವನ್ನು ಅಂಗೈಯಿಂದ ಝಾಡಿಸಿದ. ನಮ್ಮ ಮನೆಯವರು ಹೋಗಿ ಕೂತರು. ಮೊದಲ ತುತ್ತಿಗೇ ಸೀನು ಶುರುವಾಯಿತು. ಊಟ ಮುಗಿಯುವ ತನಕ ಸೀನಿದರು, ಕಣ್ಣಲ್ಲಿ ಮೂಗಲ್ಲಿ ನೀರು, ಆದರೆ ಕಂಬಳಿ ಬಿಟ್ಟು ಏಳಲಿಲ್ಲ.

ಜೀಪು ನಮ್ಮ ಜೊತೆ ತಿರುಗಿ ಬರಲಿಲ್ಲ, ನಮ್ಮಪ್ಪನ ಹಿಂಡಿನಲ್ಲೇ ಉಳಿಯಿತು. ಸೆಲ್ ಮುಗಿದಾಗ ನಮ್ಮಪ್ಪನೇ ಅಂಗಡಿಗೆ ಬಂದು, ಮರಿ ಮೇವು ಬಿಟ್ಟದ ನೋಡ್ರಿ ಎಂದು ಟೇಬಲ್ಲಿನ ಮೇಲೆ ಇಡುತ್ತಿದ್ದ. ಎಡದ ತೊಡಕನ್ನು ನಮ್ಮ ಮನೆಯವರು ಕೊನೆಗೂ ಸರಿ ಮಾಡಲಿಲ್ಲ. ಸರಿ ಮಾಡಿದರೆ ಸೆಲ್ ಬೇಗ ಮುಗಿಯದೆ ಮಾವ ಬರುವುದು ಕಡಿಮೆಯಾದೀತೆಂದು ಹೆದರಿದ್ದರೋ, ಅಥವಾ ಮುಕ್ಕಾಲು ವಿದ್ಯೆಗೆ ಅಷ್ಟೇ ಆಗುತ್ತಿತ್ತೋ, ನಾನು ಕೇಳಲಿಲ್ಲ. ಈಗ ಹಿಂಡೂ ಇಲ್ಲ, ಅವರಿಬ್ಬರೂ ಇಲ್ಲ. ಗಂಟೆ ಉಳಿದು ನನ್ನ ಹೊರಸಿನ ಕಾಲಿಗೆ ಬಂತು.

ಇವತ್ತು ಸಂಜೆ ಅಳಿಯನ ಕ್ರಾಲರ್ ಮೆಟ್ಟಿಲು ಒಂದೊಂದಾಗಿ ಇಳಿದು ಬಂತು. ಹಿಂದೆ ರಿಮೋಟು ಹಿಡಿದು ಅಳಿಯ. ದೀಪ ಚೆನ್ನಾಗಿ ಉರಿಯುತ್ತಿತ್ತು. ನನ್ನ ಹೊರಸಿನ ಹತ್ತಿರ ಬಂದು ನಿಂತಿತು. ನಾನು ಬೈಯುತ್ತೇನೆ ಎಂದು ಅವನು ಕಾದ ಹಾಗಿತ್ತು.

“ಎಡಕ್ಕ ಹೊಳ್ಳಿದ್ರ ಹಗ್ಗ ಸುತ್ತತದೇನ್ರಿ ಅಳಿಯಾರ?” ಎಂದು ಕೇಳಿದೆ.

“ಇಲ್ರಿ ಅತ್ತಿ, ವಿಂಚಿಗೆ ಬ್ಯಾರೆ ಗುಂಡಿ ಅದ,” ಎಂದ ಅವನು, ಮುದುಕಿಗೆ ಇದೆಲ್ಲ ಹೇಗೆ ಗೊತ್ತು ಎಂಬ ಮುಖ ಮಾಡಿಕೊಂಡು.

“ಛಲೋ ಆತು ಬಿಡ್ರಿ.”

ಬಗ್ಗಿ ಹೊರಸಿನ ಕಾಲಿನಿಂದ ಗಂಟೆ ಬಿಚ್ಚಿದೆ, ಅವನ ಕೊಕ್ಕೆಗೆ ಸಿಗಿಸಿದೆ. ಯಾಕೆ ಎಂದು ಅವನು ಕೇಳಿದ. ನಡೆಸಿ ನೋಡ್ರಿ ಎಂದೆ. ಕ್ರಾಲರ್ ಢಣಢಣ ಎನ್ನುತ್ತ ನಡುಮನೆ ದಾಟಿ ಅಡುಗೆ ಮನೆಯ ಹೊಸ್ತಿಲಿನ ಕಡೆ ಹೋಯಿತು.

ನಾನು ಎದ್ದು ಅದರ ಹಿಂದೆ ನಡೆದೆ. ಮಗಳು ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತು ನೋಡಿದಳು. ಚಹಾಕ್ಕೆ ನೀರಿಡಬೇಕಾಗಿತ್ತು, ಅದಕ್ಕೆ ಎದ್ದೆ ಎಂದು ಅವಳಿಗೆ ಹೇಳಿದ್ದೇನೆ. ನೀವೂ ಹಾಗೇ ಅಂದುಕೊಳ್ಳಿ.