ಎಮ್ಮೆಗಾಗಿ ಹೋದ ಮೀಸೆ

ಗುಡಿಯ ಹಿಂದೆ ಮುಡಿ ತೆಗೆಯುವವನು ನನ್ನ ಮೀಸೆಗೆ ನೀರು ಹಚ್ಚಿದಾಗ, ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಹೆಂಡತಿಯನ್ನು ದಿಟ್ಟಿಸಿದೆ. ನಮ್ಮ ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದ್ದಾಗ ಅವಳು ಹರಕೆ ಹೊತ್ತದ್ದು ನನ್ನ ಮೀಸೆಯನ್ನು. ಕರು ಸುಸೂತ್ರವಾಗಿ ಹುಟ್ಟಿತ್ತು.

“ನನ್ನನ್ನ ಒಂದು ಮಾತು ಕೇಳಬಾರದಿತ್ತಾ?” ಎಂದೆ.

“ನೀವೆಲ್ಲಿ ಒಪ್ತಿದ್ರಿ? ಅದ್ಕೇ ಸೀದಾ ಸ್ವಾಮಿಗೇ ಹೇಳ್ಕಂಡೆ. ನಾನೂ ಒಂದು ಹೊತ್ಕಂಡಿದೀನಿ. ಮೀಸೆ ಮತ್ತೆ ಬರೋಗಂಟ ನಿಮ್ಮನ್ನ ನೋಡಿ ನಗಲ್ಲ ಅಂತ.”

ವಾಪಸು ಬರುವಾಗ ಅಮರಾಪುರದ ಬಸ್ಸಿನಲ್ಲಿ ಕಂಡಕ್ಟರ್ ನಕ್ಕ. ಊರಿಗೆ ಬಂದರೆ ಬೀದಿಯೇ ನಕ್ಕಿತು. ಅವಳು ಮಾತ್ರ ಸೆರಗು ಕಚ್ಚಿಕೊಂಡು, ಗೋಡೆ ನೋಡುತ್ತಲೇ ನನಗೆ ಮುದ್ದೆ ಬಡಿಸಿದಳು.

ಅಷ್ಟು ಕಷ್ಟದ ಹರಕೆಯನ್ನು ಅಷ್ಟು ಭಕ್ತಿಯಿಂದ ತೀರಿಸಿದವರನ್ನು ನಾನು ಇನ್ನೂ ಕಂಡಿಲ್ಲ. ಮೀಸೆ ತುಂಬಿದ ದಿನ ಕೂಡಿಟ್ಟಿದ್ದನ್ನೆಲ್ಲ ಒಟ್ಟಿಗೇ ನಕ್ಕಳು. ಕರು ಬೆದರಿ ಗೂಟ ಕಿತ್ತುಕೊಂಡು ಓಡಿತು.