ಮೀಟರ್ ಮಾವನಿಗೆ ಬಂದ ಮಧ್ಯಾಹ್ನದ ದೂರು

ಸಾಬೂನು ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಮೀಟರ್ ಮಾವ ಎಂದೇ ಕರೆಯುತ್ತಿದ್ದರು. ಯಂತ್ರ ಕೆಟ್ಟಿತೆಂದರೆ ಬೇರೆಯವರು ಮೊದಲು ಸ್ಪ್ಯಾನರ್ ಹುಡುಕುವರು. ಮಾವ ಮೊದಲು ಕನ್ನಡಕ ಹುಡುಕುವರು. ಸಾಬೂನು ಕಾಯಿಸುವ ದೊಡ್ಡ ಹಂಡೆಗೆ ಒಂದು ಟ್ರಾನ್ಸ್‌ಮಿಟರ್ ಇತ್ತು, ಎಲ್ಲರ ಬಾಯಲ್ಲಿ ಅದು ಮೀಟರು. ಅದರ ಉದ್ದನೆಯ ಕಡ್ಡಿ ಹಂಡೆಯೊಳಗೆ ಮುಳುಗಿರುತ್ತಿತ್ತು. ಹೊರಗೆ ತೆಂಗಿನಕಾಯಿ ಗಾತ್ರದ ಡಬ್ಬಿ. ಹಂಡೆಯ ಶಾಖ ಎಷ್ಟೆಂದು ಕಂಟ್ರೋಲ್ ರೂಮಿಗೆ ತಿಳಿಸುವುದು ಅದರ ಕೆಲಸ. ಡಬ್ಬಿಯ ಮುಖದ ಪುಟ್ಟ ಗಾಜಿನಲ್ಲಿ ಅಂಕಿ ಕಾಣುತ್ತಿತ್ತು. ತನಗೇ ಏನಾದರೂ ತೊಂದರೆಯಾದರೆ ಅಲ್ಲಿಯೇ ಎರಡು ಮಾತು ಬರೆದು ತೋರಿಸುತ್ತಿತ್ತು.

"ಅದಕ್ಕೆ ಬಾಯಿ ಇಲ್ಲ, ಆದ್ರೂ ಹೇಳತ್ತೆ. ನಿಮಗೆ ಬಾಯಿ ಇದೆ, ಓದೋದೇ ಇಲ್ಲ," ಎಂದು ಮಾವ ಎಲ್ಲರನ್ನೂ ಗದರುತ್ತಿದ್ದರು. ಗಾಜಿನಲ್ಲಿ 'ಸೆನ್ಸರ್ ಓಪನ್' ಎಂದು ಬಂದರೆ ಎಲ್ಲೋ ತಂತಿ ಕಡಿದಿದೆ ಎಂದರ್ಥ. ಅದನ್ನು ಮೂರು ಸಲ ಗಟ್ಟಿಯಾಗಿ ಓದಿ, ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡ ಮೇಲೆಯೇ ಅವರ ಕೈ ಸ್ಪ್ಯಾನರ್ ಚೀಲಕ್ಕೆ ಹೋಗುತ್ತಿತ್ತು. ಮೀಟರಿಗೆ ತಟ್ಟಿ ನೋಡುವವರನ್ನು ಕಂಡರೆ ಅವರ ಮೈಯೆಲ್ಲ ಉರಿಯುತ್ತಿತ್ತು.

ಇಂಥ ಮಾವನಿಗೇ ಆ ವಾರ ಗ್ರಹಚಾರ ಕೆಟ್ಟಿತು. ದಿನವೂ ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಸರಿಯಾಗಿ ಗಾಜಿನಲ್ಲಿ 'ಟೆಂಪರೇಚರ್ ಹೈ' ಎಂದು ಬರುತ್ತಿತ್ತು. ಸ್ವಲ್ಪ ಹೊತ್ತಿನಲ್ಲೇ ಕಂಟ್ರೋಲ್ ರೂಮಿನಲ್ಲಿ ಗಂಟೆ ಬಾರಿಸಿ, ಉಗಿ ತಾನಾಗಿ ಬಂದ್ ಆಗಿ, ಅರ್ಧ ಬೆಂದ ಸಾಬೂನು ಹಂಡೆಯಲ್ಲೇ ಗಡ್ಡೆ ಕಟ್ಟುತ್ತಿತ್ತು. ಮಾವ ಗಾಜಿನ ಥರ್ಮಾಮೀಟರ್ ಅದ್ದಿ ನೋಡಿದರು: ಎಂಬತ್ತೆಂಟು. ಟ್ರಾನ್ಸ್‌ಮಿಟರಿನ ಅಂಕಿಯೂ ಎಂಬತ್ತೆಂಟೇ. ಶಾಖ ಸರಿಯಾಗಿದೆ, ಅಂಕಿ ಸರಿಯಾಗಿದೆ. ಆದರೂ ಹೆಚ್ಚಾಯಿತು, ಹೆಚ್ಚಾಯಿತು ಎಂಬ ಕೂಗು. ಮೊದಲ ದಿನ ಕಡ್ಡಿ ಬದಲಾಯಿಸಿದರು. ಎರಡನೆಯ ದಿನ ಹಿಂದಿನ ಮುಚ್ಚಳ ಬಿಚ್ಚಿ ತಂತಿಗಳನ್ನೆಲ್ಲ ಬದಲಾಯಿಸಿದರು. ಮೂರನೆಯ ದಿನ ಬದಲಾಯಿಸಲು ಉಳಿದದ್ದು ಮಾವ ಒಬ್ಬರೇ.

ಶಿಫ್ಟ್ ಇನ್‌ಚಾರ್ಜ್ ವಯಸ್ಸಿನಲ್ಲಿ ಚಿಕ್ಕವನು, ಸೌಮ್ಯ ಸ್ವಭಾವದವನು. ಆದರೂ ಮೂರು ಹಂಡೆ ಸಾಬೂನು ಹಾಳಾದ ಮೇಲೆ ಸೌಮ್ಯತೆ ಎಷ್ಟು ದಿನ ತಡೆದೀತು?

"ಮಾವ, ನಾಳೆನೂ ಹಂಡೆ ನಿಂತ್ರೆ ಹೊರಗಿನಿಂದ ಜನ ಕರೆಸ್ತೀನಿ. ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

"ಸಾರ್, ಬೇಕಾದ್ರೆ ಗೇಟ್ ಕಾಯ್ತೀನಿ. ಪ್ಯಾಕಿಂಗ್ ಮಾತ್ರ ಬೇಡ."

"ಯಾಕೆ?"

 ಅದನ್ನು ಹೇಳಬೇಕಾದ ಅಗತ್ಯವೇ ಇರಲಿಲ್ಲ. ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ ಮಾವನ ಹೆಂಡತಿ ಎಂಬುದು ಇಡೀ ಕಾರ್ಖಾನೆಗೆ ಗೊತ್ತಿದ್ದ ವಿಷಯ. ಅಲ್ಲಿ ಲೇಬಲ್ ಕೂದಲೆಳೆಯಷ್ಟು ಓರೆಯಾದರೂ ಆಕೆ ಕಿತ್ತು ಮತ್ತೆ ಅಂಟಿಸುತ್ತಿದ್ದರು. ಮನೆಯಲ್ಲಿ ಹದಿನಾಲ್ಕು ಗಂಟೆ ಆಕೆಯ ಆಳ್ವಿಕೆ. ಉಳಿದ ಹತ್ತು ಗಂಟೆಯ ಸ್ವಾತಂತ್ರ್ಯವೂ ಈಗ ಕೈಬಿಡುವಂತಿತ್ತು.

ಆ ರಾತ್ರಿ ಊಟಕ್ಕೆ ಕುಳಿತಾಗಲೇ ಸುದ್ದಿ ಮನೆ ತಲುಪಿಬಿಟ್ಟಿತ್ತು.

"ಏನ್ರೀ, ನಾಳೆಯಿಂದ ನನ್ನ ಕೈಕೆಳಗಂತೆ? ನಿಮಗೆ ಅಂತ ಕಿಟಕಿ ಪಕ್ಕ ಜಾಗ ಮಾಡಿಸಿದೀನಿ. ಆದ್ರೆ ಈಗ್ಲೇ ಹೇಳ್ತೀನಿ, ಗಂಡ ಅಂತ ರಿಯಾಯಿತಿ ಇಲ್ಲ. ಟೀಗೆ ಏಳೇ ನಿಮಿಷ."

"ಎಲ್ಲರಿಗೂ ಹತ್ತು ನಿಮಿಷ ಅಲ್ವೇನೆ?"

"ಅವ್ರು ಟೀ ಕುಡೀತಾರೆ. ನೀವು ಟೀ ಜೊತೆ ಮಾತಾಡ್ತಾ ಕೂತ್ಕೋತೀರ."

ಮರುದಿನ ಮಾವ ಬೆಳಗಿನಿಂದ ಹಂಡೆಯ ಪಕ್ಕ ಬಿಟ್ಟು ಕದಲಲಿಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಆ ವಾರವಷ್ಟೇ ಚಾವಣಿಗೆ ಕೂರಿಸಿದ್ದ ಗಾಜಿನ ಹಂಚಿನಿಂದ ಬಿಸಿಲು ಇಳಿದು ಟ್ರಾನ್ಸ್‌ಮಿಟರಿನ ಮೇಲೆ ಬಿತ್ತು. ಹನ್ನೆರಡಾಯಿತು. ಹನ್ನೆರಡೂಕಾಲಕ್ಕೆ ಗಾಜಿನಲ್ಲಿ 'ಟೆಂಪರೇಚರ್ ಹೈ' ಹಾಜರು. ಇನ್‌ಚಾರ್ಜ್ ಕೈಗಡಿಯಾರ ನೋಡಿಕೊಂಡ.

"ಯಾರ ಟೆಂಪರೇಚರ್ ಕಣೋ? ಹಂಡೇದು ಎಂಬತ್ತೆಂಟೇ ಇದ್ಯಲ್ಲೋ!" ಎಂದು ಮಾವ ಮೀಟರಿನ ಮುಂದೆ ಕೈಮುಗಿಯುವುದೊಂದು ಬಾಕಿ.

ಅಷ್ಟರಲ್ಲಿ ಅವರ ಹೆಂಡತಿ ದಡದಡನೆ ಬಂದರು. ಹೊಸ ಕೆಲಸಗಾರನನ್ನು ಕರೆದೊಯ್ಯಲು ಬಂದವರ ಕಣ್ಣು ಮಾತ್ರ ಗಂಡನ ಮೇಲೆ ಬೀಳಲಿಲ್ಲ, ಮೀಟರಿನ ಮೇಲೆ ಬಿತ್ತು.

"ಅಯ್ಯೋ, ಏನ್ರೀ ಇದು! ಹೆಣೆದು ಇನ್ನೂ ಒಂದು ತಿಂಗಳಾಗಿಲ್ಲ, ಎಷ್ಟು ಕೊಳೆ ಮಾಡಿದೀರ!"

ಇಲ್ಲಿ ಒಂದು ಮಾತು ಹೇಳಬೇಕು. ಹಾರುವ ಸಾಬೂನು ಪುಡಿ ಮೀಟರಿಗೆ ಮೆತ್ತುತ್ತದೆ, ಗಾಳಿಗೆ ಬೇರೆ ಒಡ್ಡಿಕೊಂಡಿದೆ ಎಂದು ಮಾವ ಹಿಂದಿನ ತಿಂಗಳು ಮನೆಯಲ್ಲಿ ಮರುಗಿದ್ದರು. ಆಕೆಗೋ ಹೆಣೆಯುವ ಹುಚ್ಚು. ಮನೆಯ ರೇಡಿಯೋ, ಫ್ಲಾಸ್ಕು, ಟಾರ್ಚು ಎಲ್ಲಕ್ಕೂ ಅಂಗಿ ತೊಡಿಸಿ ಮುಗಿದಿತ್ತು. ಕಂಡಕಂಡದ್ದಕ್ಕೆ ಅಂಗಿ ಬೇಡ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಹೀಗೆ ಟ್ರಾನ್ಸ್‌ಮಿಟರಿಗೂ ದಪ್ಪ ನೀಲಿ ಉಣ್ಣೆಯ ಅಂಗಿ ಬಂತು. ಮುಚ್ಚಳ ತೆಗೆಯಲು ಹಿಂದೆ ಮೂರು ಗುಂಡಿ, ಓದಲು ಮುಂದೆ ಒಂದು ಕಿಂಡಿ. ಇಷ್ಟು ದಿನ ನೋಡಿ ನೋಡಿ ಅದು ಮೀಟರಿನ ಚರ್ಮವೇ ಎಂಬಷ್ಟು ಎಲ್ಲರ ಕಣ್ಣಿಗೆ ಒಗ್ಗಿಹೋಗಿತ್ತು.

"ಒಗೆದು ತರ್ತೀನಿ, ಬಿಡಿ," ಎಂದು ಆಕೆ ಗುಂಡಿ ಬಿಚ್ಚಿ ಅಂಗಿಯನ್ನು ಸರಕ್ಕನೆ ಎಳೆದುಕೊಂಡರು.

ಗಾಜು ಪೂರ್ತಿ ಕಾಣಿಸಿತು. 'ಟೆಂಪರೇಚರ್ ಹೈ' ಎಂಬುದರ ಕೆಳಗೆ ಇನ್ನೊಂದು ಸಾಲಿತ್ತು: 'ಎಲೆಕ್ಟ್ರಾನಿಕ್ಸ್'. ಕುದಿಯುತ್ತಿದ್ದದ್ದು ಹಂಡೆಯಲ್ಲ, ಮಧ್ಯಾಹ್ನದ ಬಿಸಿಲಿನಲ್ಲಿ ಉಣ್ಣೆಯ ಅಂಗಿ ತೊಟ್ಟು ನಿಂತಿದ್ದ ಮೀಟರಿನ ಹೊಟ್ಟೆ. ಪಾಪ, ನಾಲ್ಕು ದಿನದಿಂದ ಅದು ತನ್ನ ಸಂಕಟವನ್ನೇ ಹೇಳಿಕೊಳ್ಳುತ್ತಿತ್ತು.

"ಲೇ, ಎರಡು ಬೆರಳಗಲ ಕಿಂಡಿ ಬಿಡು ಅಂದಿದ್ನಲ್ಲೇ!"

"ಬಿಟ್ಟಿದೀನಲ್ಲ!" ಆಕೆ ತಮ್ಮ ಎರಡು ತೆಳು ಬೆರಳುಗಳನ್ನು ಕಿಂಡಿಯಲ್ಲಿಟ್ಟು ತೋರಿಸಿದರು. ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಮಾವ ತಮ್ಮ ಬೆರಳು ಇಟ್ಟು ನೋಡಿದರು. ಒಂದೇ ತೂರಿತು.

"ಮನೇಲೂ ಅಷ್ಟೇ," ಎಂದರು ಆಕೆ ಇನ್‌ಚಾರ್ಜ್ ಕಡೆ ತಿರುಗಿ. "ನಾನು ಎರಡು ಮಾತು ಹೇಳಿದ್ರೆ ಇವ್ರಿಗೆ ಮೊದಲನೇದು ಮಾತ್ರ ತಲುಪತ್ತೆ."

ಮಾವ ನೋಟ್‌ಬುಕ್ಕಿನಿಂದಲೇ ಮೀಟರಿಗೆ ಗಾಳಿ ಬೀಸತೊಡಗಿದರು. ಆಕೆ ಸೆರಗು ಸಿಕ್ಕಿಸಿಕೊಂಡು ಒಂದು ರಟ್ಟಿನ ಪೆಟ್ಟಿಗೆಯನ್ನು ಬಿಸಿಲಿಗೆ ಅಡ್ಡ ಹಿಡಿದರು. ಇನ್‌ಚಾರ್ಜ್ ಕೂಡ ಪೆಟ್ಟಿಗೆಯ ಇನ್ನೊಂದು ಮೂಲೆ ಹಿಡಿದ. ಮೂವರೂ ಬಾಣಂತಿಯ ಆರೈಕೆಗೆ ನಿಂತವರಂತೆ ನಿಂತಿದ್ದಾಗ ಎರಡೂ ಸಾಲುಗಳು ಮಾಯವಾಗಿ, ಎಂಬತ್ತೆಂಟು ಮಾತ್ರ ಉಳಿಯಿತು. ಗಂಟೆ ಬಾರಿಸಲಿಲ್ಲ. ಹನ್ನೆರಡೂವರೆಯಾಯಿತು, ಒಂದಾಯಿತು, ಸಾಬೂನು ಗುಳುಗುಳು ಬೇಯುತ್ತಲೇ ಇತ್ತು.

"ಅಳತೆ ಕೊಟ್ಟವನು ನಾನು, ಸಾರ್. ತಪ್ಪು ನಂದೇ," ಎಂದರು ಮಾವ ತಲೆ ತಗ್ಗಿಸಿ. "ಪ್ಯಾಕಿಂಗಿಗೆ ಹೋಗು ಅಂದ್ರೆ ಹೋಗ್ತೀನಿ."

ಇನ್‌ಚಾರ್ಜ್ ಬಾಯಿ ತೆರೆಯುವ ಮೊದಲೇ ಆಕೆ ಎರಡು ಹೆಜ್ಜೆ ಮುಂದೆ ಬಂದರು.

"ಸಾರ್, ಒಂದೇ ಬೇಡಿಕೆ. ಇವ್ರು ಇಲ್ಲೇ ಇರ್ಲಿ. ಅರ್ಧ ಓದೋರು ನನ್ನ ಲೇಬಲ್ ವಿಭಾಗಕ್ಕೆ ಬೇಡ."

ಅಂಗಿಯನ್ನು ಕಂಕುಳಲ್ಲಿ ಇರುಕಿಕೊಂಡು ಆಕೆ ಹೊರಟುಹೋದರು. ಇನ್‌ಚಾರ್ಜ್ ನಗು ತಡೆಯಲಾರದೆ ಕಂಟ್ರೋಲ್ ರೂಮಿನ ಕಡೆ ಓಡಿದ. ಮಾವ ನೆಮ್ಮದಿಯ ಉಸಿರು ಬಿಟ್ಟು, ದೂರು ಪುಸ್ತಕ ತೆರೆದು, 'ಕಾರಣ' ಎಂಬಲ್ಲಿ ಬಹಳ ಹೊತ್ತು ಯೋಚಿಸಿ, ದುಂಡು ಅಕ್ಷರದಲ್ಲಿ ಬರೆದರು: "ಉಪಕರಣಕ್ಕೆ ಸೆಕೆಯಾಗಿತ್ತು."