ಬಸ್ಸಿನಲ್ಲಿ ಹಿಂದಿರುಗಿದ ಗಂಡುಗಳು

ಗುಂಡ್ಲುಪೇಟೆಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮದುವೆ ದಲ್ಲಾಳಿ ಸುಧಾಕರನ ಮನೆ. ಅವನ ಬಾಗಿಲಲ್ಲಿ ವರಗಳು ಬೇಕಾದಷ್ಟು, ವರ ಕೊಡುವವರೇ ಇಲ್ಲ. ಗಂಡಿಗೆ ಹೊಲ ಇದೆ ಎಂದರೆ ಸಾಕು, ಹೆಣ್ಣಿನ ಕಡೆಯವರು ಹೊಸ್ತಿಲಲ್ಲೇ ಒಲ್ಲೆ ಅನ್ನುತ್ತಾರೆ.

ಮುಂದಿನ ಕೋಣೆಯೇ ಆಫೀಸು. ಕಪಾಟಿನಲ್ಲಿ, ಮೇಜಿನಡಿಯಲ್ಲಿ, ಕ್ಯಾಲೆಂಡರಿನ ಹಿಂದೆ, ಎಲ್ಲೆಲ್ಲೂ ಗಂಡುಗಳ ಫೋಟೋ. ಈ ಕಸಬಿಗೆ ಒಂದು ಕಟ್ಟುಪಾಡಿದೆ. ದಲ್ಲಾಳಿ ಫೋಟೋವನ್ನು ಎಂದೂ ಹಿಂದಿರುಗಿಸಬಾರದು. ಫೋಟೋ ಅವನ ಬಳಿ ಇರುವಷ್ಟು ದಿನ ಹೆಣ್ಣು ನೋಡುತ್ತಿದ್ದಾರೆ ಎಂದರ್ಥ. ಮನೆಗೆ ಬಂತೋ, ನಿನಗಿನ್ನು ಇಲ್ಲಪ್ಪ ಎಂದರ್ಥ. ಸುತ್ತಮುತ್ತಲ ಊರುಗಳಲ್ಲಿ ತಲೆ ನೆರೆತವರ ಕಪ್ಪು ಕೂದಲೆಲ್ಲ ಹೀಗೆ ಸುಧಾಕರನ ಮನೆಯಲ್ಲಿ ಉಳಿದಿತ್ತು.

ಕಳೆದ ವರ್ಷವಿಡೀ ಒಂದು ಸಂಬಂಧವೂ ಕುದುರಲಿಲ್ಲ. ಮಗಳು ತೇಜಸ್ವಿನಿ ಮೊಬೈಲಿನಲ್ಲಿ ಫೆಂಗ್ ಶೂಯಿ ವಿಡಿಯೋ ಹಾಕಿದಳು.

"ಇದು ಆಫೀಸಾ, ಗೋಡೌನಾ ಅಪ್ಪ? ಕೆಲ್ಸಕ್ಕೆ ಬಾರದ್ದು ಕೂತಿದ್ರೆ ಮನೇಲಿ ಶಕ್ತಿ ಓಡಾಡಲ್ವಂತೆ."

"ನಾನೂ ಕೂತೇ ಇವ್ನಿ ಕಣಮ್ಮಿ. ನನ್ನೂ ಎಸೀತೀಯಾ?"

"ಮೊದ್ಲು ಹಳೇ ಗಂಡುಗಳ್ನ ಎಸಿ."

ವಾಸ್ತು ಕೆಟ್ಟರೆ ಗೋಡೆ ಒಡೆಯಬೇಕು, ಈ ಚೀನಾದ್ದಕ್ಕೆ ಕಸ ಗುಡಿಸಿದರೆ ಸಾಕು ಎಂದು ಸುಧಾಕರ ಒಪ್ಪಿದ. ಕಸಬಿನಲ್ಲೇ ಕಸ ಇದೆಯಲ್ಲ! ಭಾರದ ಮೇಜನ್ನು ಬಾಗಿಲಿಗೆ ಎದುರಾಗಿ, ಅಡ್ಡಡ್ಡ ತಿರುಗಿಸಿದರು. ಮೂಲೆಯಲ್ಲಿ ನಗುವ ಬುದ್ಧ ಬಂದು ಕೂತ. ಉಳಿದದ್ದು ಫೋಟೋ. ಬದುಕಿರುವವರ ಮುಖ ಸುಡಬಾರದು, ಕಸದ ಗಾಡಿಗೆ ಹಾಕಲು ಕೈ ಬರಲಿಲ್ಲ. ಲಕೋಟೆಗೆ ತುಂಬಿ, ಬಸ್ಸು ನಿಲ್ಲುವಲ್ಲಿನ ಅಂಗಡಿಗೆ ಕೊಡಿ ಎಂದು ಆಯಾ ಊರಿನ ಕಡೆ ಹೋಗುವ ಬಸ್ಸಿನ ಕಂಡಕ್ಟರುಗಳ ಕೈಗೆ ಕೊಟ್ಟ. ಮರುದಿನ ಬೆಳಿಗ್ಗೆ ಒಬ್ಬೊಬ್ಬರಿಗೂ ವಾಟ್ಸಾಪಿನಲ್ಲಿ ದನಿ ಕಳಿಸಿದ: "ಫೋಟೋ ಬಸ್ಸಲ್ಲಿ ಕಳಿಸಿವ್ನಿ, ಅಂಗ್ಡೀಲಿ ಇಸ್ಕೊ. ಬೇಜಾರ್ ಮಾಡ್ಕಬ್ಯಾಡ."

ಕೋಣೆ ಎಷ್ಟು ಬರಿದಾಗಿತ್ತೆಂದರೆ, ಅವನ ಕೆಮ್ಮು ಅವನಿಗೇ ತಿರುಗಿ ಕೇಳಿಸಿತು.

ಬಿಸಿಲೇರುವ ಹೊತ್ತಿಗೆ ಕುದೇರಿನ ಗುರುಮಲ್ಲಮ್ಮ ಬಂದಳು. ಎರಡು ಬಸ್ಸು ಬದಲಿಸಿದ ಸುಸ್ತಿನಲ್ಲಿ ಕುರ್ಚಿಗೆ ಬಿದ್ದು, ಸೆರಗಿನೊಳಗಿಂದ ಲಕೋಟೆ ತೆಗೆದಳು. ಒಳಗೆ ಅವಳ ಮಗ ಗಿರೀಶ, ಚಿಗುರು ಮೀಸೆಯವನು. ಹಿಂದೆ ಸ್ಟುಡಿಯೋದ ಪರದೆ ಮೇಲಿನ ಜಲಪಾತ.

"ಅಂಗ್ಡಿಯವ ನನ್ ಕೈಗೇ ಕೊಟ್ಟ, ಸದ್ಯ. ಗಿರೀಶ ಹಾಲಿನ ಗಾಡಿಗ್ ಓಗಿದ್ದ. ಅವ್ನ್ ಕಣ್ಣಿಗ್ ಬೀಳ್ದಂಗೆ ಮುಚ್ಕ ಬಂದೆ."

"ಅವ್ವ, ಅದು..."

"ಹೆಣ್ಣು ಕೇಳಕ್ಕೆ ಬಂದಿಲ್ಲ ಕಣಪ್ಪ. ನಂಗೂ ಗೊತ್ತಾಯ್ತದೆ. ಇದ ಇಲ್ಲೇ ಮಡಿಕೊ, ಅಷ್ಟೆಯ. ದಿನಾ ಗಾಡಿ ಅತ್ತೋ ಮುಂಚೆ ಗಡ್ಡ ಕೆರ್ಕತಾನೆ. 'ಸುಧಾಕರಣ್ಣ ಯಾವತ್ ಬಾ ಅಂತ ಫೋನ್ ಮಾಡ್ತಾನೋ' ಅಂತಾನೆ. ಇದ ಕಂಡ್ರೆ ಅದೂ ನಿಂತೋಯ್ತದೆ."

ಸುಧಾಕರನಿಗೆ ಬೆಳಿಗ್ಗೆ ಗಿರೀಶನಿಗೂ ಕಳಿಸಿದ್ದ ದನಿ ನೆನಪಾಯಿತು. ಫೋನಿಗೆ ಕೈ ಹಾಕಿದ. ಅವನು ಕೇಳುವ ಮೊದಲೇ ಅಳಿಸಿದರೆ ಉಳಿಸಬಹುದು.

ಗುರುಮಲ್ಲಮ್ಮ ಮೂಲೆ ನೋಡಿದಳು. "ಯಾರಪ್ಪ ಅವ್ನು?"

"ನಗೋ ಬುದ್ಧ ಅವ್ವ. ಮನೆಗೊಳ್ಳೇದು."

"ನಗಕ್ಕೆ ಏನ್ ಕಂಡನೋ!"

ಗಿರೀಶನ ಹೆಸರಿನ ಕೆಳಗೆ ಎರಡೂ ಗೀಟು ನೀಲಿಯಾಗಿದ್ದವು, ಅವನು ಕೇಳಿಯಾಗಿತ್ತು. ನೋಡುತ್ತಿದ್ದಂತೆಯೇ ಫೋನು ಗುಯ್‌ಗುಟ್ಟಿ ಉತ್ತರ ಬಂತು. "ಸರಿ ಅಣ್ಣ. ಅವ್ವಂಗೆ ಮಾತ್ರ ಏಳ್ಬ್ಯಾಡಿ. ಫೋಟೋ ನಿಮ್ಮತ್ರವೇ ಅದೆ ಅಂದ್ಕಂಡಿರ್ಲಿ."

ಅವನ ಮುಖದ ಮೇಲೆ ಗುರುಮಲ್ಲಮ್ಮನ ಕಣ್ಣಿತ್ತು. "ಯಾರು? ಹೆಣ್ಣಿನ್ ಕಡೇರಾ?"

ಈ ಕಸಬಿನಲ್ಲಿ ಸುಳ್ಳಿಗೆ ನಾಲಿಗೆ ತಡವರಿಸುವುದಿಲ್ಲ. "ಹೂಂ ಕಣವ್ವ," ಅಂದ. "ಬೇಗೂರಿನೋರು. ಗಿರೀಶನ್ನೇ ಕೇಳ್ತಾವ್ರೆ."

ಆ ಮುದುಕಿಯ ಮೈಯಿಂದ ಸುಸ್ತೆಲ್ಲ ಇಳಿದುಹೋಯಿತು. ಫೋಟೋವನ್ನು ಮೇಜಿನ ಮೇಲೆ ನೇರವಾಗಿ ಇಟ್ಟು ಎದ್ದೇಬಿಟ್ಟಳು. "ಹಂಗಾರೆ ನೀ ಫೋನ್ ಮಾಡ್ಬ್ಯಾಡ. ಮನೆಗ್ ಓಗಿ ನಾನೇ ಏಳ್ತೀನಿ ಅವನ್ಗೆ."

"ಅವ್ವಾ, ನಿಲ್ಲು!"

ಅವಳಾಗಲೇ ಬೀದಿಯಲ್ಲಿದ್ದಳು. ಸುಧಾಕರ ಧಡಕ್ಕನೆ ಎದ್ದರೆ ತೊಡೆಗೆ ಮೇಜು ಬಡಿಯಿತು, ಶಕ್ತಿ ಓಡಾಡಲೆಂದು ಅಡ್ಡ ತಿರುಗಿಸಿಟ್ಟ ಮೇಜು. ಅದನ್ನು ಸುತ್ತಿ, ಕುಂಟುತ್ತ ನಿಲ್ದಾಣ ಮುಟ್ಟುವಷ್ಟರಲ್ಲಿ ಚಾಮರಾಜನಗರದ ಬಸ್ಸು ಹೊರಟಿತ್ತು. ಕಿಟಕಿಯಿಂದ ಅವಳು ಕೈ ಮುಗಿದಳು.